ಡಿ ಅಂದ್ರೆ ಡಿ

ಮಾರ್ಚ್ 4

ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ಮೂರು ವರ್ಷ ಮಾತಿಲ್ಲ ಕತೆಯಿಲ್ಲ, ಈಗ ಇದ್ದಕ್ಕಿದ್ದಂತೆ ಅತ್ತಿಗೆ ಕಾಗದ ಬರೆದಿದ್ದಾಳೆ, ಇನ್ನೇನು ಗ್ರಹಚಾರವೋ ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆ ಕೆಟ್ಟದ್ದೇ ಒಂದು ಫೋನಿನಿಂದ. ಅಂಗಡಿಯ ಫೋನನ್ನು ತೆಗೆಸಿಹಾಕಿದ್ದೇನೆ. ನನ್ನ ಮೊಬೈಲಿಗೆ ಮಾಡಿದರೂ ಎತ್ತುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬರೆದದ್ದಾದರೆ ಕೈಯಲ್ಲಿ ಉಳಿಯುತ್ತದೆ. ನಾನು ಹಾಗಂದೆ, ನೀನು ಹೀಗಂದೆ ಎಂಬ ರಗಳೆ ಇರುವುದಿಲ್ಲ.

ನಿಮ್ಮಣ್ಣನನ್ನು ಮಸಣಕ್ಕೆ ಕಳಿಸಿಕೊಟ್ಟ ದಿನ ನೀನು ಬಂದಿದ್ದೆ. ಬಾಗಿಲ ಹತ್ತಿರವೇ ನಿಂತು, ಒಂದು ಲೋಟ ನೀರೂ ಕುಡಿಯದೆ ಹೊರಟುಹೋದೆ. ನಾನು ನಿನ್ನ ಮುಖ ನೋಡಲಿಲ್ಲ, ಬೂಟು ನೋಡಿದೆ. ಇಷ್ಟು ವರ್ಷ ಬೂಟಿನ ಮೇಲ್ಭಾಗ ಹೊಲಿದವಳ ಕಣ್ಣು ಬೇರೆಲ್ಲಿಗೆ ಹೋಗುತ್ತದೆ? ಎಡಗಾಲಿನ ಎತ್ತರದ ಅಟ್ಟೆ ಬಾಯಿ ಬಿಟ್ಟಿತ್ತು. ಯಾರೋ ಅದಕ್ಕೆ ಟೈರಿನ ತುಂಡು ಹಚ್ಚಿಕೊಟ್ಟಿದ್ದಾರೆ. ಹುಟ್ಟಿನಿಂದ ಗಿಡ್ಡವಾಗಿ ಒಳಗೆ ತಿರುಗಿದ ಆ ಕಾಲಿಗೋಸ್ಕರವೇ ನಿಮ್ಮಣ್ಣ ಈ ಕಸುಬು ಕಲಿತದ್ದು. ಸೊಟ್ಟ ಕಾಲಿನವರಿಗೆ ಬೂಟು ಮಾಡುವವನು ಎಂದು ಊರೆಲ್ಲ ಹೆಸರಾದದ್ದು ಆಮೇಲೆ. ಆ ಕಾಲಿಗೆ ಈಗ ಟೈರು!

ಅದಿರಲಿ. ಆ ದಿನ ಬಾಗಿಲಲ್ಲಿ ನೀನು ನಿಮ್ಮ ಚಿಕ್ಕಮ್ಮನ ಹತ್ತಿರ ಆಡಿದ ಮಾತು ನನ್ನ ಕಿವಿಗೆ ಬಿತ್ತು. “ಕೊನೇವರೆಗೂ ತಪ್ಪು ಒಪ್ಕೊಳ್ಳಲಿಲ್ಲ. ಸುಳ್ಳನ್ನೇ ಸಾಧಿಸ್ಬಿಟ್ಟ” ಅಂದೆ. ಅದು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ನನಗೆ ನೆನಪಿರುವುದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಗಿರಾಕಿಗಳ ಕಾಲಿನ ಮರದ ಅಚ್ಚುಗಳು ಗೋಡೆಯ ತುಂಬ ನೇತಾಡುತ್ತಿದ್ದವು. ಎಲ್ಲವನ್ನೂ ಅಳೆದು ಕಂಪ್ಯೂಟರಿಗೆ ಏರಿಸಿಯಾಯಿತು. ಇನ್ನು ಮರ ಯಾಕೆ ಎಂದು ನೀನೇ ಹೇಳಿದೆ. ಬ್ರೆಡ್ಡಿನ ಅಂಗಡಿಯವನು ಒಲೆಗೆಂದು ಗಾಡಿಯಲ್ಲಿ ಹೇರಿಕೊಂಡು ಹೋದ. ಆಮೇಲೆ ಒಂದು ದಿನ ನೀನು ಫೋನ್ ಮಾಡಿ ಕಂಪ್ಯೂಟರಿನ ಒಂದು ಭಾಗವನ್ನು ಅಳಿಸಲು ಹೇಳಿದೆ. ಇವರು ಅಳಿಸಿದರು. ಸಂಜೆ ನೋಡಿದರೆ ಅಚ್ಚುಗಳೆಲ್ಲ ಮಾಯ. ಗೋಡೆಯ ಮೇಲೂ ಇಲ್ಲ, ಯಂತ್ರದೊಳಗೂ ಇಲ್ಲ. “ಅವನು ಡಿ ಅಳಿಸು ಅಂದ, ನಾನು ಡಿ ಅಳಿಸಿದೆ” ಎಂದು ಇವರು. “ಡಿ ಅಳಿಸಿದ್ರೆ ಅಚ್ಚು ಹೋಗೋದೇ ಇಲ್ಲ, ಇನ್ನೇನೋ ಒತ್ತಿ ನನ್ನ ತಲೆಗೆ ಕಟ್ತಿದಾನೆ” ಎಂದು ನೀನು. ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ಅಲ್ಲಿಗೆ ಅಣ್ಣ ತಮ್ಮಂದಿರ ಮಾತು ನಿಂತಿತು.

ನಾನು ನಿನ್ನ ಮಾತನ್ನೇ ನಂಬಿದೆ, ಗಿಣಿ. ಕಂಪ್ಯೂಟರ್ ಬಲ್ಲವನು ನೀನು. ಇವರ ಬೆರಳು ದಪ್ಪ, ಕಣ್ಣು ಮಂದ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವರಿಗೆ ಗೊತ್ತಿತ್ತು. ಮೂರು ವರ್ಷ ತನ್ನನ್ನು ನಂಬದ ಹೆಂಡತಿಯ ಎದುರು ಕೂತು ಉಂಡರು.

ಹಳೆಯ ಯಂತ್ರಗಳ ವ್ಯಾಪಾರಿಯೊಬ್ಬ ಕಂಪ್ಯೂಟರನ್ನೂ ಯಂತ್ರಗಳನ್ನೂ ಒಯ್ಯುತ್ತೇನೆ ಎಂದಿದ್ದಾನೆ. ಅದು ಮನೆಯಿಂದ ಹೋಗುವ ಮುಂಚೆ ಒಂದೇ ಒಂದು ವಿಷಯ ತಿಳಿಯಬೇಕು. ನಿಮ್ಮಣ್ಣ ಹೇಳಿದ್ದು ನಿಜವಾಗಿರಲು ಸಾಧ್ಯವೇ ಇಲ್ಲವೇ?

ಇಂತಿ,
ಅತ್ತಿಗೆ


ಮಾರ್ಚ್ 17

ಅತ್ತಿಗೆಯವರಿಗೆ ನಮಸ್ಕಾರ.

ಬೂಟಿನ ಚಿಂತೆ ಬೇಡ. ಅದೂ ನಡೆಯುತ್ತಿದೆ, ನಾನೂ ನಡೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆಗೆ ಉತ್ತರ ಒಂದೇ ಮಾತು: ಸಾಧ್ಯವಿಲ್ಲ. ಹೀಗೆ ಬರೆಯಲು ನನಗೆ ಸಂತೋಷವೇನೂ ಇಲ್ಲ. ಕೇಳಿದ್ದೀರಿ, ಹೇಳುತ್ತಿದ್ದೇನೆ.

ಆ ಪೆಟ್ಟಿಗೆಯನ್ನು ಸಿದ್ಧಮಾಡಿದವನು ನಾನು. ಅದರಲ್ಲಿ ಎರಡು ಸಿಸ್ಟಮ್ ಇವೆ. ಕಾಲು ಅಳೆಯುವ ಯಂತ್ರ, ಅಚ್ಚು ಕೆತ್ತುವ ಯಂತ್ರ ಎರಡೂ ಹಳೆಯವು, ಅವಕ್ಕೆ ಹಳೆಯ ಸಿಸ್ಟಮ್ ಬಿಟ್ಟರೆ ಬೇರೆಯದು ಆಗದು. ಉಳಿದ ಕೆಲಸಕ್ಕೆ ಹೊಸ ಸಿಸ್ಟಮ್. ಆನ್ ಮಾಡಿದ ಕೂಡಲೇ ಕಪ್ಪು ಪರದೆಯಲ್ಲಿ ಹಳೆಯದು ಬೇಕೋ ಹೊಸದು ಬೇಕೋ ಎಂದು ಕೇಳುತ್ತದಲ್ಲ, ಅದೇ. ಒಳಗಿನ ಡಿಸ್ಕನ್ನು ಭಾಗಗಳಾಗಿ ಮಾಡಿ ಪ್ರತಿ ಭಾಗಕ್ಕೂ ಒಂದು ಅಕ್ಷರ ಕೊಟ್ಟಿರುತ್ತದೆ. ಸಿ ಎಂದರೆ ಸಿಸ್ಟಮ್ ಇರುವ ಜಾಗ. ಡಿ ಎಂದರೆ ಕಸ, ಹಳೆಯ ಫೋಟೋಗಳು, ಚರ್ಮದ ಕಂಪನಿಗಳ ಜಾಹೀರಾತು. ಇ ಎಂದರೆ ಅಚ್ಚುಗಳು.

ನಾನು ಲೈಬ್ರರಿಯ ಕೆಲಸ ಬಿಟ್ಟು ಅಂಗಡಿಗೆ ಬರುವುದೆಂದು ಅಣ್ಣನೂ ನಾನೂ ಮಾತಾಡಿಕೊಂಡಿದ್ದೆವು. ಬೂಟಿನ ನಕ್ಷೆ ಬರೆಯುವ ಹೊಸ ಪ್ರೋಗ್ರಾಮ್ ಹಾಕಲು ನನಗೆ ಜಾಗ ಬೇಕಿತ್ತು. ಅದಕ್ಕೇ ಡಿ ಅಳಿಸು ಎಂದೆ. ಅಣ್ಣ ಎರಡು ಸಲ ಕೇಳಿದ, “ಡಿ ತಾನೇ? ಸರಿಯಾಗಿ ಹೇಳು ಮಾರಾಯ” ಎಂದು. ನಾನು ಕೆಲಸದ ಮಧ್ಯೆ ಇದ್ದೆ. “ಡಿ ಅಂದ್ರೆ ಡಿ, ಅಣ್ಣ. ಎಷ್ಟು ಸಲ ಹೇಳೋದು?” ಎಂದೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ನೀವೇ ನೋಡಬಹುದು. ಕಂಪ್ಯೂಟರ್ ಹಾಕಿ, ಹೊಸದನ್ನು ಆರಿಸಿ, ಡಿ ತೆರೆಯಿರಿ. ಅಣ್ಣ ಡಿ ಅಳಿಸಿದ್ದರೆ ಆ ಕಸ ಅಲ್ಲಿರಬಾರದು. ಕಸ ಹಾಗೇ ಇದ್ದು ಇ ಖಾಲಿಯಿದ್ದರೆ ಅಣ್ಣ ಅಳಿಸಿದ್ದು ಇ.

ಅತ್ತಿಗೆ, ಕೈ ತಪ್ಪುವುದು ಯಾರಿಗೂ ಆಗುತ್ತದೆ. “ತಪ್ಪಾಯ್ತು ಕಣೋ” ಎಂದಿದ್ದರೆ ಮಾರನೆಯ ದಿನವೇ ಓಡಿಬರುತ್ತಿದ್ದೆ. “ಹೇಳಿದ್ದು ನೀನೇ, ಈಗ ಜಾರಿಕೊಳ್ತೀಯ” ಎಂದ. ನನ್ನನ್ನು ಯಾರೂ ಅಷ್ಟು ಸುಲಭವಾಗಿ ಕಳ್ಳನನ್ನಾಗಿ ಮಾಡಿರಲಿಲ್ಲ.

ನಿಮ್ಮ ಮೈದುನ


ಮಾರ್ಚ್ 29

ಮೈದುನನಿಗೆ,

ನೀನು ಹೇಳಿದ ಹಾಗೇ ಮಾಡಿದೆ. ಆ ಪೆಟ್ಟಿಗೆಯ ಮೇಲಿನ ಧೂಳಿಗೆ ಮೂರು ಸಲ ಸೀನಿದೆ. ಕಪ್ಪು ಪರದೆ ಕೇಳಿತು, ಹೊಸದನ್ನು ಆರಿಸಿದೆ. ಬೂಟಿನ ಹೊಲಿಗೆಯಷ್ಟು ಕಷ್ಟವಿಲ್ಲ ಬಿಡು. ನಿಮ್ಮಣ್ಣ ಸುಮ್ಮನೆ ಇದರ ಮುಂದೆ ಕೂತು ಬೆವರುತ್ತಿದ್ದರು.

ಡಿ ತೆರೆದೆ. ಕಸ ಅಷ್ಟೂ ಅಲ್ಲೇ ಇದೆ. ಗೋಡೆಗೆ ಸುಣ್ಣ ಹೊಡೆದ ದಿನದ ಫೋಟೋಗಳಿವೆ. ತಲೆಯ ಮೇಲೆ ಸುಣ್ಣದ ಡಬ್ಬಿ ಇಟ್ಟುಕೊಂಡು ನೀನು, ಹಿಂದೆ ನಗುತ್ತ ಅವರು. ಇ ತೆರೆದೆ. ಏನೂ ಇಲ್ಲ. ಅದರ ಪಕ್ಕ ಇಂಗ್ಲಿಷ್ ಅಕ್ಷರದಲ್ಲಿ ‘ತಮ್ಮ’ ಎಂದು ಬರೆದಿದೆ, ನೀನೇ ಇಟ್ಟ ಹೆಸರಿರಬೇಕು.

ಹಾಗಾದರೆ ನೀನು ಹೇಳಿದ್ದೇ ಸರಿ. ಕಸ ಉಳಿದಿದೆ, ಅಚ್ಚು ಹೋಗಿದೆ. ಅವರು ಒತ್ತಿದ್ದು ಇ, ಹೇಳಿದ್ದು ಡಿ.

ಒಂದು ಮಾತು ಬರೆಯುತ್ತೇನೆ, ನಗಬೇಡ. ನಾನು ಅವರನ್ನು ನಂಬದೆ ತಪ್ಪು ಮಾಡಿದೆ ಎಂದು ಗೊತ್ತಾಗಲಿ ಎಂಬ ಆಸೆಯಿಂದ ಆ ಯಂತ್ರ ಹಾಕಿದೆ. ತಪ್ಪು ನನ್ನದೇ ಆಗಲಿ, ಅವರ ಮಾತು ಉಳಿಯಲಿ ಎಂದು. ಅದೂ ಆಗಲಿಲ್ಲ. ಬಾಗಿಲ ಹಿಂದೆ ಅವರ ಚರ್ಮದ ಏಪ್ರನ್ ಇನ್ನೂ ನೇತಾಡುತ್ತಿದೆ. ಅದರ ಮುಂದೆ ಹಾದುಹೋಗುವಾಗ, ಯಾಕ್ರೀ ಸುಳ್ಳು ಹೇಳಿದಿರಿ ಎಂದು ಕೇಳುವ ಹಾಗಾಗುತ್ತದೆ.

ವ್ಯಾಪಾರಿಗೆ ಮುಂದಿನ ತಿಂಗಳು ಬಾ ಎಂದಿದ್ದೇನೆ.

ಅತ್ತಿಗೆ


ಏಪ್ರಿಲ್ 12

ಗಿಣಿ,

ನಿನ್ನ ಉತ್ತರಕ್ಕೆ ಕಾಯದೆ ಮತ್ತೆ ಬರೆಯುತ್ತಿದ್ದೇನೆ. ನನ್ನ ಕಣ್ಣು ಕೆಟ್ಟಿದೆಯೋ ಇಲ್ಲ ನಿನ್ನ ಲೆಕ್ಕ ಕೆಟ್ಟಿದೆಯೋ, ನೀನೇ ಹೇಳಬೇಕು.

ಮೊನ್ನೆ ಹಾಡು ಕಲಿಸುವ ಟೀಚರಮ್ಮ ಬಂದಿದ್ದರು, ನಿನಗೆ ಗೊತ್ತು, ಬಲಗಾಲಿನ ಬೆರಳುಗಳು ಮಡಚಿಕೊಂಡಿರುವವರು. ಬೇರೆಲ್ಲೋ ಬೂಟು ಮಾಡಿಸಿ ಕಾಲೆಲ್ಲ ಹುಣ್ಣು. “ಅಂಗಡಿ ಮುಚ್ಚಿದೆ ಟೀಚರಮ್ಮ” ಅಂದೆ. “ನಿಮ್ಮ ಯಜಮಾನ್ರು ಹೋದ್ರು ಅಂತ ನನ್ನ ಕಾಲು ನೆಟ್ಟಗಾಗುತ್ತೇನಮ್ಮ? ಇಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿದ್ದೀರಿ, ಅಳತೆ ತಗೊಳ್ಳಿ” ಎಂದು ಕುರ್ಚಿಯ ಮೇಲೆ ಕೂತೇಬಿಟ್ಟರು. ಏನು ಹೇಳಲಿ? ಅಳೆಯುವ ಯಂತ್ರಕ್ಕೆ ಹಳೆಯ ಸಿಸ್ಟಮ್ ಬೇಕಲ್ಲ, ಹಳೆಯದನ್ನೇ ಆರಿಸಿದೆ.

ಕಾಲು ಅಳೆದಾಯಿತು. ಉಳಿಸಲು ಹೋದರೆ ಸಿ ತುಂಬಿಹೋಗಿದೆ, ಜಾಗ ಸಾಲದು ಎಂದು ಅರಚಿತು. ಜಾಗ ಎಲ್ಲಿದೆ ಎಂದು ಹುಡುಕಿದೆ. ಆಗ ಕಂಡದ್ದು ಇದು. ‘ತಮ್ಮ’ ಎಂಬ ಆ ಖಾಲಿ ಭಾಗ ಇಲ್ಲಿ ಇ ಅಲ್ಲ, ಡಿ. ಸುಣ್ಣದ ಡಬ್ಬಿ ಹೊತ್ತ ನಿನ್ನ ಫೋಟೋ ಇರುವ ಕಸ ಇಲ್ಲಿ ಡಿ ಅಲ್ಲ, ಇ.

ಯಂತ್ರ ಆರಿಸಿ, ಮತ್ತೆ ಹಾಕಿ, ಹೊಸದಕ್ಕೆ ಹೋದೆ. ಮತ್ತೆ ಮೊದಲಿನಂತೆ. ಹಳೆಯದಕ್ಕೆ ಬಂದೆ. ಮತ್ತೆ ಅದಲುಬದಲು. ಟೀಚರಮ್ಮ, “ಏನಮ್ಮ, ಸರಿಗಮ ಅಭ್ಯಾಸ ಮಾಡ್ತಿದೀರಾ, ಏರೋದು ಇಳಿಯೋದು?” ಎಂದರು.

ಕಾಲು ಅಳೆಯುವಾಗ, ಅಚ್ಚು ಕೆತ್ತುವಾಗ ನಿಮ್ಮಣ್ಣ ಇರುತ್ತಿದ್ದುದು ಈ ಹಳೆಯ ಕಡೆಯಲ್ಲಿ. ಈ ಕಡೆಯಿಂದ ನೋಡಿದರೆ ಡಿ ಎಂದರೆ ಅಚ್ಚಿನ ಜಾಗವೇ ಅಲ್ಲವೇ?

ಬೇಗ ಬರೆ. ವ್ಯಾಪಾರಿಗೆ ಬರಬೇಡ ಎಂದಿದ್ದೇನೆ. ಟೀಚರಮ್ಮನ ಅಳತೆಯನ್ನು ಸದ್ಯಕ್ಕೆ ಕಾಗದದ ಮೇಲೆ ಗುರುತುಹಾಕಿಕೊಂಡಿದ್ದೇನೆ. ಆ ಖಾಲಿ ಡಿ ಯಲ್ಲಿ ಇಡಬಹುದೇ, ಅದನ್ನೂ ತಿಳಿಸು.

ಅತ್ತಿಗೆ


ಏಪ್ರಿಲ್ 25

ಅತ್ತಿಗೆ,

ನಿಮ್ಮ ಕಾಗದವನ್ನು ಲೈಬ್ರರಿಯಲ್ಲಿ ಒಡೆದೆ. ಓದಿ ಮುಗಿಸಿ ಹಿಂದಿನ ಕೋಣೆಗೆ ಹೋಗಿ, ಹರಿದ ಪುಸ್ತಕಗಳ ರಾಶಿಯ ಮೇಲೆ ಕೂತುಬಿಟ್ಟೆ. ಯಾರೋ ಬಂದು “ಏನ್ ಸಾರ್, ಹುಷಾರಿಲ್ವಾ?” ಎಂದರು.

ಅಣ್ಣ ಸುಳ್ಳು ಹೇಳಲಿಲ್ಲ. ಅವನು ಡಿ ಯನ್ನೇ ಅಳಿಸಿದ. ನಾನು ಹೇಳಿದ್ದೂ ಡಿ. ಎರಡೂ ಬೇರೆ ಬೇರೆ ಡಿ.

ಅಕ್ಷರ ಡಿಸ್ಕಿನ ಮೇಲೆ ಕೆತ್ತಿರುವುದಿಲ್ಲ, ಅತ್ತಿಗೆ. ಪ್ರತಿ ಸಿಸ್ಟಮ್ ಎದ್ದ ಮೇಲೆ ತಾನಿರುವ ಭಾಗವನ್ನು ಸಿ ಎಂದು ಕರೆದುಕೊಂಡು, ಉಳಿದವಕ್ಕೆ ತನ್ನ ಪಾಡಿಗೆ ತಾನು ಡಿ, ಇ ಎಂದು ಹೆಸರು ಹಚ್ಚುತ್ತದೆ. ಇನ್ನೊಂದು ಸಿಸ್ಟಮ್ ಏನೆಂದು ಕರೆಯುತ್ತದೆ ಎಂಬುದು ಅದಕ್ಕೆ ಬೇಕಿಲ್ಲ. ಎರಡು ಬಾಗಿಲಿನ ಮನೆ ಅಂದುಕೊಳ್ಳಿ. ಮುಂಬಾಗಿಲಿಂದ ಬಂದವನಿಗೆ ಎರಡನೆಯ ಕೋಣೆ ಯಾವುದೋ, ಹಿಂಬಾಗಿಲಿಂದ ಬಂದವನಿಗೆ ಎರಡನೆಯದು ಅದಲ್ಲ. ನಾನು ಹೊಸ ಕಡೆಯಿಂದ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದೆ. ಅಣ್ಣ ಹಳೆಯ ಕಡೆಯಲ್ಲಿ ಕೂತು ಕೇಳಿದ. ಅಳೆಯುವ ಪ್ರೋಗ್ರಾಮ್ ಅವನಿಗೆ ಗಿರಾಕಿಗಳ ಹೆಸರಿನ ಪಟ್ಟಿಯನ್ನಷ್ಟೇ ತೋರಿಸುತ್ತಿತ್ತು, ಅಚ್ಚು ಯಾವ ಅಕ್ಷರದಲ್ಲಿದೆ ಎಂದು ಅವನು ನೋಡುವ ಪ್ರಮೇಯವೇ ಇರಲಿಲ್ಲ. ನೀನು ಯಾವ ಕಡೆ ಇದ್ದೀಯ ಅಣ್ಣ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಲೈಬ್ರರಿಯಲ್ಲಿ ಇಂಥ ಎರಡು ಸಿಸ್ಟಮಿನ ಯಂತ್ರ ಇನ್ನೊಂದಿದೆ. ಅದರ ಮೇಲೆ ನಾನೇ ಚೀಟಿ ಅಂಟಿಸಿದ್ದೇನೆ, ಅಕ್ಷರ ನಂಬಬೇಡಿ ಎಂದು. ಊರಿಗೆಲ್ಲ ಬುದ್ಧಿ ಹೇಳಿದವನಿಗೆ ಅಣ್ಣನ ವಿಷಯದಲ್ಲಿ ಮಾತ್ರ ಅದು ಹೊಳೆಯಲಿಲ್ಲ. ಅವನು ಕಂಪ್ಯೂಟರ್ ಅರಿಯದವನು, ತಪ್ಪು ಅವನದೇ ಎಂದು ಮೊದಲೇ ತೀರ್ಮಾನವಾಗಿತ್ತಲ್ಲ. ಇನ್ನು ಯೋಚಿಸುವುದೇನು?

ಇನ್ನೂ ಒಂದಿದೆ. ಆ ದಿನ ಫೋನಿನಲ್ಲಿ ಕೆತ್ತುವ ಯಂತ್ರದ ಸದ್ದು ಕೇಳುತ್ತಿತ್ತು. “ಅದನ್ನ ಆರಿಸಿ ಮಾತಾಡು ಅಣ್ಣ, ಕಿವಿ ಹೋಗ್ತಿದೆ” ಎಂದಿದ್ದೆ. ಆ ಯಂತ್ರ ಓಡುತ್ತಿದೆ ಎಂದರೇನೇ ಅವನು ಹಳೆಯ ಕಡೆ ಇದ್ದಾನೆ ಎಂದರ್ಥ. ಕಿವಿಯಲ್ಲೇ ಉತ್ತರವಿತ್ತು. ಅದನ್ನು ನಾನೇ ಆರಿಸಿದೆ.

ಅಳಿಸುವ ಮುಂಚೆ ಸಿಸ್ಟಮ್ ಎಚ್ಚರಿಕೆ ಕೊಡುತ್ತದೆ, ಎಲ್ಲ ಹೋಗುತ್ತದೆ, ಸರಿಯೇ ಎಂದು. ಅಣ್ಣ ಅದನ್ನು ಓದಿಯೇ ಎರಡನೆಯ ಸಲ ಕೇಳಿದ್ದು. ಯಂತ್ರ ಬೇಡ ಅಂದಿತು, ತಮ್ಮ ಹೂಂ ಅಂದ. ಅವನು ತಮ್ಮನನ್ನು ನಂಬಿದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ವಾರವೇ ನಾನು ಬಂದು ಆ ಕುರ್ಚಿಯಲ್ಲಿ ಕೂತಿದ್ದರೆ ಎಲ್ಲವನ್ನೂ ಹಿಂದಕ್ಕೆ ತರಬಹುದಿತ್ತು. ಹಾಗೆ ಅಳಿಸಿದಾಗ ಒಳಗಿನದು ಕೂಡಲೇ ನಾಶವಾಗುವುದಿಲ್ಲ, ಅದರ ಮೇಲೆ ಹೊಸದನ್ನು ಬರೆಯುವವರೆಗೆ ಕೆಳಗೆ ಹಾಗೇ ಮಲಗಿರುತ್ತದೆ. ಈಗ ಆ ಮಾತಿಲ್ಲ. ಮೂರು ವರ್ಷ ಅಣ್ಣ ಹೊಸ ಅಚ್ಚುಗಳನ್ನು ಅಲ್ಲೇ ಇಟ್ಟಿರುತ್ತಾನೆ. ಎಷ್ಟು ಸಲ ತುಂಬಿತೋ, ಎಷ್ಟು ಸಲ ಖಾಲಿ ಮಾಡಿದನೋ. ಟೀಚರಮ್ಮನ ಅಳತೆಯನ್ನು ನೀವು ಧಾರಾಳವಾಗಿ ಅಲ್ಲಿಡಿ. ಅಲ್ಲಿ ಉಳಿಸಿಕೊಳ್ಳುವಂಥದ್ದು ಇನ್ನೇನೂ ಇಲ್ಲ.

‘ತಮ್ಮ’ ಎಂಬ ಹೆಸರನ್ನು ಇಟ್ಟವನು ನಾನಲ್ಲ. ಅದು ಹೇಗೆ ಬಂತೋ ತಿಳಿಯದು.

ಚಿಕ್ಕಮ್ಮನಿಗೆ ಕಾಗದ ಬರೆದು ನಡೆದದ್ದು ತಿಳಿಸಿದ್ದೇನೆ. ನಿಮ್ಮಲ್ಲಿ ಕ್ಷಮೆ ಕೇಳಲು ನಾಲಿಗೆ ಏಳುತ್ತಿಲ್ಲ. ಯಾರಲ್ಲಿ ಕೇಳಬೇಕಿತ್ತೋ ಅವನು ಇಲ್ಲ.

ಗಿಣಿ


ಮೇ 6

ಗಿಣಿ,

ಕ್ಷಮಿಸಿದ್ದೇನೆ ಎಂದು ಬರೆಯೋಣವೆಂದು ಕೂತೆ. ಕೈ ಓಡಲಿಲ್ಲ. ಕಾಗದ ಹರಿದೆ. ಎರಡು ದಿನ ನಿನ್ನ ಮೇಲೆ ಉರಿದುಬಿದ್ದೆ, ಆಮೇಲೆ ನನ್ನ ಮೇಲೆ. ನೀನಾದರೂ ದೂರದಲ್ಲಿದ್ದೆ. ನಾನು ಅದೇ ಕೋಣೆಯಲ್ಲಿ, ಹೊಲಿಗೆ ಯಂತ್ರದ ಮುಂದೆ, ಅವರ ಬೆನ್ನ ಹಿಂದೆಯೇ ಇದ್ದೆ. “ನೀನಾದ್ರೂ ನಂಬೇ” ಎಂದು ಒಂದೇ ಒಂದು ಸಲ ಅಂದರು. “ಆಯ್ತು ಬಿಡಿ, ಈಗ ಅದ್ಯಾಕೆ” ಎಂದು ದಾರ ಪೋಣಿಸಿದೆ. ಏಪ್ರನ್ ಮುಂದೆ ನಿಂತು ಈಗ ಹೇಳಿದೆ, ನಂಬಿದೆ ಕಣ್ರೀ ಎಂದು. ಚರ್ಮಕ್ಕೆ ಹೇಳಿ ಏನು ಬಂತು?

ಟೀಚರಮ್ಮನ ಅಳತೆಯನ್ನು ನಾನು ಅಲ್ಲಿಡಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮಾತು ಕೇಳಿ ಈ ಮನೆ ಒಮ್ಮೆ ಕೆಟ್ಟಿದೆ, ಈ ಸಲ ಮೊದಲು ನಾನು ಹೇಳುವುದನ್ನು ಕೇಳು.

ಆ ಫೋನಿನ ದಿನ ನಿಮ್ಮಣ್ಣ ಕುರ್ಚಿಯಿಂದ ಎದ್ದು ಕೈ ಒರೆಸಿಕೊಂಡು ನನ್ನ ಹತ್ತಿರ ಬಂದರು. ಮುಖ ಊರಗಲ. “ಗಿಣಿ ಬರ್ತಾನೆ ಕಣೇ. ಅವನಿಗೆ ಜಾಗ ಮಾಡಿದೆ. ಖಾಲಿ ಮಾಡ್ತಾ ಅದು ಹೆಸರು ಕೇಳ್ತು, ಅವನ ಹೆಸರೇ ಬರೆದೆ” ಅಂದರು. ಏನು ಬರೆದರೆಂದು ನಾನು ಕೇಳಲಿಲ್ಲ. ಅಣ್ಣನಿಗೆ ನೀನು ಗಿಣಿಯಾದರೂ ಬರೆಯುವಾಗ ತಮ್ಮನೇ.

ಆಮೇಲೆ ಎಲ್ಲ ನಡೆಯಿತು. ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿ ಮತ್ತೆ ಕಾಲು ಅಳೆದರು. ಬಂದವರು ಬಂದರು, ಹೋದವರು ಹೋದರು. ಅಳೆದದ್ದನ್ನೆಲ್ಲ ಸಿ ಯಲ್ಲೇ ತುರುಕಿದರು. ಜಾಗ ಸಾಲದು ಎಂದು ಯಂತ್ರ ದಿನಾ ಅರಚುತ್ತಿತ್ತು. ನನಗೂ ಕೇಳಿ ಕೇಳಿ ಸಾಕಾಗಿ, “ಅಲ್ಲಿ ಅಷ್ಟು ಜಾಗ ಖಾಲಿ ಬಿದ್ದಿದೆ ಅಂತೀರಿ, ಅಲ್ಲಿಡಬಾರದಾ?” ಅಂದೆ. “ಅದು ಅವನ ಜಾಗ. ಅವನು ಬಂದು ಇಟ್ಕೊಳ್ಳಲಿ” ಅಂದರು. ನಿನ್ನ ಮೇಲೆ ಅಷ್ಟು ಕೋಪವಿತ್ತು, ನಿನ್ನ ಹೆಸರೆತ್ತಿದರೆ ಉಳಿ ಬಿಸಾಡುತ್ತಿದ್ದರು. ಆದರೂ ಆ ಜಾಗದಲ್ಲಿ ಒಂದು ಕಾಲನ್ನೂ ಇಡಲಿಲ್ಲ. ಕೊನೆಯವರೆಗೂ ಇಡಲಿಲ್ಲ, ಗಿಣಿ. ಅದಕ್ಕೇ ನನಗೂ ಕೈ ಬರಲಿಲ್ಲ.

ಹೊಸದನ್ನು ಬರೆಯದಿದ್ದರೆ ಹಳೆಯದು ಕೆಳಗೆ ಮಲಗಿರುತ್ತದೆ ಎಂದು ಬರೆದಿದ್ದೀಯ. ಹಾಗೆಂದರೇನು? ನನಗೆ ಅರ್ಥವಾಗುವ ಹಾಗೆ ಹೇಳು.

ಅತ್ತಿಗೆ


ಮೇ 11
ಕೊರಿಯರ್ ಮೂಲಕ

ಅತ್ತಿಗೆ,

ನೀವು ಫೋನ್ ಎತ್ತುವುದಿಲ್ಲ. ಬೆಳಗಿನಿಂದ ಮಾಡಿ ಮಾಡಿ ಸಾಕಾಯಿತು.

ಕಂಪ್ಯೂಟರ್ ಹಾಕಬೇಡಿ. ಹಾಕಿದ್ದರೆ ಆರಿಸಿ, ಪ್ಲಗ್ ಕಿತ್ತಿಡಿ. ಹೊಸ ಕಡೆಯೂ ಬೇಡ, ಹಳೆಯ ಕಡೆಯೂ ಬೇಡ. ಯಾರ ಕಾಲನ್ನೂ ಅಳೆಯಬೇಡಿ. ವ್ಯಾಪಾರಿ ಬಂದರೆ ಬಾಗಿಲೇ ತೆರೆಯಬೇಡಿ.

ರಜೆ ಹಾಕಿದ್ದೇನೆ. ಖಾಲಿ ಡಿಸ್ಕೊಂದನ್ನು ತೆಗೆದುಕೊಂಡು ಹೊರಟಿದ್ದೇನೆ.

ಗಿಣಿ


ಜೂನ್ 20

ಗಿಣಿಗೆ ಅತ್ತಿಗೆಯ ಆಶೀರ್ವಾದ.

ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಅಷ್ಟೂ ದಿನ ಹೊಲಿಗೆಯ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಟೀ ಕೊಟ್ಟರೆ ಆರಿಸಿ ಕುಡಿದು, ಒಂದೇ ಸಮನೆ ಆ ಪರದೆ ನೋಡುತ್ತಿದ್ದೆ. ಮಾತಾಡಿಸಿದರೆ ಹೂಂ ಇಲ್ಲ ಊಹೂಂ ಇಲ್ಲ. ಗಿಣಿ ಎಂದು ನಿನಗೆ ಹೆಸರಿಟ್ಟವರು ಈಗ ನೋಡಬೇಕಿತ್ತು.

ಸಾಲು ಸಾಲಾಗಿ ಹೆಸರುಗಳು ಮೇಲೇಳತೊಡಗಿದಾಗ ನನಗೆ ಏನನ್ನಿಸಿತು ಎಂದು ಆಗ ಹೇಳಲಿಲ್ಲ. ಹೂವಿನಂಗಡಿಯಾಕೆ, ಟಿಕೆಟ್ ಕೊಡುವ ತಾತ, ಟೀಚರಮ್ಮ, ಎಲ್ಲರ ಕಾಲೂ ಒಂದೊಂದಾಗಿ ಬಂದವು. ಕೆಲವು ಅರ್ಧ ಬಂದವು, ಹಿಮ್ಮಡಿ ಇದ್ದರೆ ಬೆರಳಿಲ್ಲ. ಆದರೂ ಬಂದವು. ನಿಮ್ಮಣ್ಣ ಇಷ್ಟೂ ದಿನ ಇದರ ಪಕ್ಕದಲ್ಲೇ ಕೂತು, ಹೋಯಿತಲ್ಲ ಹೋಯಿತಲ್ಲ ಎಂದು ಕೊರಗಿದರು. ಕಳೆದುಕೊಂಡದ್ದನ್ನು ತಾವೇ ಕಾಯುತ್ತಿದ್ದೇವೆ ಎಂದು ಅವರಿಗೆ ಗೊತ್ತಾಗಲಿಲ್ಲ.

ನಿನ್ನ ಕಾಲು ಪರದೆಯ ಮೇಲೆ ಬಂದಾಗ ನೀನು ಎದ್ದು ಹಿತ್ತಲಿಗೆ ಹೋದೆ. ನಾನು ಹಿಂದೆ ಬರಲಿಲ್ಲ. ಅಳುವವರನ್ನು ಅಳಲು ಬಿಡಬೇಕು.

ನೀನು ಹೋದ ಮಾರನೆಯ ದಿನವೇ ಆ ಅಚ್ಚನ್ನು ಕೆತ್ತುವ ಯಂತ್ರಕ್ಕೆ ಹಾಕಿದೆ. ಮರ ಕೆತ್ತಿ ಬಂತು. ಅವರ ಏಪ್ರನ್ ಹಾಕಿಕೊಂಡು, ಉಪ್ಪುಕಾಗದದಿಂದ ಉಜ್ಜಿ, ಅದರ ಮೇಲೆ ನಾನೇ ಬೂಟು ಕಟ್ಟಿದೆ. ಅಟ್ಟೆಯ ಎತ್ತರ, ಹಿಮ್ಮಡಿಯ ಓರೆ, ಅವರ ಅಳತೆಯಿಂದ ಕೂದಲೆಳೆಯಷ್ಟೂ ಆಚೀಚೆ ಮಾಡಿಲ್ಲ. ಪಾರ್ಸೆಲ್ ಕಳಿಸುತ್ತಿದ್ದೇನೆ. ಆ ಟೈರನ್ನು ಮೊದಲು ಕಸಕ್ಕೆ ಹಾಕು.

ಕ್ಷಮೆಯ ವಿಷಯ. ಪೂರ್ತಿ ಆಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಬೂಟು ಹೊಲಿಯುವಾಗ ನಿನ್ನ ಮೇಲೆ ಕೋಪ ಬರಲಿಲ್ಲ.

ಅತ್ತಿಗೆ


ಜುಲೈ 8

ಅತ್ತಿಗೆಗೆ ನಮಸ್ಕಾರಗಳು.

ಪಾರ್ಸೆಲ್ ಬಂತು. ಅಣ್ಣನ ಕೈಯಿಂದಲೇ ಬಂದ ಹಾಗಿತ್ತು. ಒಳಗಿನ ಹೊಲಿಗೆ ಮಾತ್ರ ಯಾವಾಗಲೂ ನಿಮ್ಮದೇ, ಅದು ಗೊತ್ತಾಗುತ್ತದೆ. ಲೈಬ್ರರಿಗೆ ಹಾಕಿಕೊಂಡು ಹೋದೆ. ಎಲ್ಲರೂ ನೋಡಿದರು, ನಾನೂ ತೋರಿಸಿಕೊಂಡು ತಿರುಗಾಡಿದೆ.

ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಮ್ಮಿಬ್ಬರ ನಡುವೆ ಇನ್ನು ಮುಚ್ಚುಮರೆ ಬೇಡ. ಬೂಟು ಕಚ್ಚುತ್ತದೆ, ಅತ್ತಿಗೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಹೆಬ್ಬೆರಳಿನ ಬದಿಗೆ ಒತ್ತುತ್ತದೆ, ಎತ್ತರವೂ ಸಾಲದು.

ನಿಮ್ಮ ಕೈ ತಪ್ಪಿಲ್ಲ. ಅಣ್ಣನ ಅಳತೆಯೂ ತಪ್ಪಿಲ್ಲ. ಅದು ಆಗಿನ ಕಾಲು. ಈ ಮೂರು ವರ್ಷ ಕೆಟ್ಟ ಅಟ್ಟೆಯ ಮೇಲೆ ನಡೆದು ನಡೆದು ನನ್ನ ಕಾಲೇ ಬೇರೆಯಾಗಿದೆ, ಇನ್ನಷ್ಟು ಒಳಗೆ ತಿರುಗಿದೆ. ಆಗಾಗ ಅಣ್ಣನ ಮುಂದೆ ಹೋಗಿ ಕೂತಿದ್ದರೆ ಅವನು ಕೈಯಲ್ಲಿ ಹಿಡಿದು ನೋಡಿ, “ನೆಟ್ಟಗೆ ಊರೋ ಕತ್ತೆ” ಎಂದು ಬೈದು, ಒಂದಿಷ್ಟು ಎತ್ತರಿಸಿ ಕೊಡುತ್ತಿದ್ದ. ಹೋಗಲಿಲ್ಲ. ಡಿಸ್ಕಿನಲ್ಲಿದ್ದದ್ದು ಬಹುಪಾಲು ಹಿಂದಕ್ಕೆ ಬಂತು. ಅವನು ಅಳೆದ ಕಾಲು ಮಾತ್ರ ಈಗ ನನ್ನ ಹತ್ತಿರ ಇಲ್ಲ.

ಈ ಜೋಡನ್ನು ಬಿಚ್ಚಿ ಸರಿಮಾಡುತ್ತೇನೆ ಎನ್ನಬೇಡಿ. ಇದು ಹೀಗೇ ನನ್ನ ಹತ್ತಿರ ಇರಲಿ.

ಭಾನುವಾರ ಬರುತ್ತೇನೆ. ಅಂಗಡಿಗೆ ಬರುವ ಹಳೆಯ ಮಾತನ್ನೂ ಆಗ ಆಡೋಣ, ನಿಮಗೆ ಬೇಕಾದರೆ ಮಾತ್ರ. ಮೊದಲು ಕಾಲು ಅಳೆಯಿರಿ, ನೀವೇ ಕೈಯಲ್ಲಿ ಹಿಡಿದು, ಬೇಕಾದರೆ ಬೈಯಿರಿ. ಉಳಿಸುವಾಗ ಸಿ ಯಲ್ಲಿ ತುರುಕುವುದು ಬೇಡ. ಹಿಂದಕ್ಕೆ ಬಂದದ್ದೆಲ್ಲ ಬೇರೆ ಡಿಸ್ಕಿನಲ್ಲಿ ಜೋಪಾನವಾಗಿದೆ. ಅಣ್ಣ ಖಾಲಿ ಇಟ್ಟ ಜಾಗದಲ್ಲೇ ಹೊಸ ಅಳತೆಯನ್ನಿಡೋಣ. ಯಾವ ಕಡೆಯಿಂದ ತೆರೆದರೂ ಅದರ ಮೇಲೆ ನನ್ನ ಹೆಸರು ಇದ್ದೇ ಇದೆ.

ನಿಮ್ಮ
ಗಿಣಿ